ಮೂರು ಕುರಿಮರಿ, ಒಂದು ಟಿಬಿ

ಮಾರ್ಚ್ 31 ವಿಶ್ವ ಬ್ಯಾಕಪ್ ದಿನವಂತೆ. 2011ರಿಂದ ನಡೆದುಕೊಂಡು ಬಂದಿದೆ. ಮಾರನೇ ದಿನ ಏಪ್ರಿಲ್ 1. ಆವತ್ತು ಮೂರ್ಖರಾಗಬೇಡಿ, ಕಂಪ್ಯೂಟರಿನಲ್ಲಿರುವುದನ್ನು ಹಿಂದಿನ ದಿನವೇ ಇನ್ನೊಂದು ಕಡೆ ಇಳಿಸಿಟ್ಟುಕೊಳ್ಳಿ ಎಂಬ ಚೇಷ್ಟೆಯ ತಾರೀಕು ಅದು. ಇದನ್ನು ಗೊತ್ತು ಮಾಡಿದವರು ಕಡೂರು, ಬೀರೂರಿನ ಕಡೆ ತಲೆ ಹಾಕಿಯೂ ಮಲಗಿದವರಲ್ಲ ಅಂತ ಧಾರಾಳವಾಗಿ ಹೇಳಬಹುದು. ಮಾರ್ಚ್ 31ರಂದು ನಮ್ಮ ಅಡಿಕೆ ಮಂಡಿಗಳಲ್ಲಿ, ಕೊಬ್ಬರಿ ಅಂಗಡಿಗಳಲ್ಲಿ, ಸಹಕಾರ ಸಂಘಗಳಲ್ಲಿ ಕಂಪ್ಯೂಟರಿನ ಪಕ್ಕ ನೊಣವೂ ಕೂರುವ ಹಾಗಿಲ್ಲ. ಸ್ಟಾಕು ತಾಳೆಯಾಗಬೇಕು, ರೈತರ ಬಾಕಿ ಒಪ್ಪಬೇಕು, ಆಡಿಟರು ಫೋನಿನ ಮೇಲೆ ಫೋನು ಮಾಡುತ್ತಿರಬೇಕು. ಅಂಥ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು, "ಯಜಮಾನ್ರೆ, ಬ್ಯಾಕಪ್ ತಗೋಬೇಕಿತ್ತು, ಒಂದರ್ಧ ಗಂಟೆ ಕಂಪ್ಯೂಟರ್ ಬಿಡ್ತೀರಾ?" ಅಂದರೆ ಏನು ಉತ್ತರ ಬಂದೀತು?

"ಇವತ್ತೇ ಸಿಕ್ತೇನಪ್ಪ ನಿಂಗೆ? ನಾಳೆ ಬಾ ಹೋಗು."

ನಾಳೆ ಅಂದರೆ ಏಪ್ರಿಲ್ 1.

ಕಡೂರು, ತರೀಕೆರೆ, ಅಜ್ಜಂಪುರ ಅಂತ ಮೂರೂ ಊರು ಸುತ್ತಿ ಕಂಪ್ಯೂಟರು ನೋಡಿಕೊಳ್ಳುವ ನಮ್ಮಂಥವರಿಗೆ ಈಚೆಗೆ ಬಂದ ಹೊಸ ತಲೆನೋವು ವಿ.ಎಂ., ಅಂದರೆ ವರ್ಚುವಲ್ ಮಷಿನ್. ಮೇಜಿನ ಕೆಳಗಿರುವುದು ಒಂದೇ ಪೆಟ್ಟಿಗೆ. ಅದರೊಳಗೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಎರಡೋ ಮೂರೋ ಕಂಪ್ಯೂಟರು. ಒಂದೊಂದಕ್ಕೂ ಬೇರೆ ವಿಂಡೋಸು, ಬೇರೆ ಪಾಸ್‌ವರ್ಡು, ಬೇರೆ ರಗಳೆ. ಐಬಿಎಂನವರು 1972ರಲ್ಲೇ ವಿಎಂ/370 ಅಂತ ಇದನ್ನು ಬಿಟ್ಟಿದ್ದರು. ಆಗ ಕಂಪ್ಯೂಟರು ಅಂದರೆ ಒಂದು ಕೋಣೆ. ನಮ್ಮ ಮಂಡಿಗಳಿಗೆ ಅದು ಬಂದದ್ದು ಶೋಕಿಗಲ್ಲ, ಗತಿಯಿಲ್ಲದೆ. ವೇಬ್ರಿಡ್ಜಿನ ಸಾಫ್ಟ್‌ವೇರು ವಿಂಡೋಸ್ 7 ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಅದನ್ನು ಬರೆದುಕೊಟ್ಟ ಪುಣ್ಯಾತ್ಮ ಊರು ಬಿಟ್ಟು ಎಷ್ಟೋ ಕಾಲವಾಯಿತು, ಫೋನು ತೆಗೆಯುವುದಿಲ್ಲ. ಟ್ಯಾಲಿಗೆ ಹೊಸ ವಿಂಡೋಸೇ ಬೇಕು. ಸಿಸಿಟಿವಿ ರೆಕಾರ್ಡಿಂಗಿಗೆ ಲಿನಕ್ಸ್. ಮೂರಕ್ಕೆ ಮೂರು ಪೆಟ್ಟಿಗೆ ಕೊಳ್ಳುವ ಬದಲು ಒಂದು ಕೊಂಡು ಅದರಲ್ಲಿ ಪ್ರಾಕ್ಸ್‌ಮಾಕ್ಸ್ ಹಾಕಿದರಾಯಿತು. ವಿಯೆನ್ನಾದವರು 2008ರಲ್ಲಿ ಬಿಟ್ಟ ಸಾಫ್ಟ್‌ವೇರು, ಕಾಸಿಲ್ಲ. ಬ್ರಾಡ್‌ಕಾಮ್ ಕಂಪನಿ 2023ರ ಕೊನೆಗೆ ಇದೇ ಕೆಲಸದ ಸಾಫ್ಟ್‌ವೇರು ಮಾಡುವ ವಿಎಂವೇರ್ ಅನ್ನು ಕೊಂಡುಕೊಂಡು, 2024ರ ಫೆಬ್ರವರಿಯಲ್ಲಿ ಅದರ ಬಿಟ್ಟಿ ಇಎಸ್‌ಎಕ್ಸ್‌ಐ ನಿಲ್ಲಿಸಿದ ಮೇಲಂತೂ (ಮರುವರ್ಷ ಮತ್ತೆ ಕೊಟ್ಟರೆನ್ನಿ) ಬಿಟ್ಟಿ ಗಿರಾಕಿಗಳೆಲ್ಲ ಈ ಕಡೆಗೇ ಹೊರಟರು. ಬಿಟ್ಟಿ ಅಂದರೆ ಬೇಡ ಅನ್ನುವ ಊರು ಯಾವುದಿದೆ?

ಪೆಟ್ಟಿಗೆಗೆ ದುಡ್ಡು ಹಾಕುವಾಗ ನಮ್ಮ ಯಜಮಾನರುಗಳದ್ದು ದೊಡ್ಡ ಕೈ. "ಒಳ್ಳೇದೇ ಹಾಕಪ್ಪ, ಹತ್ತು ವರ್ಷ ತಿರುಗಿ ನೋಡ್ಬಾರ್ದು." ಅದೇ ಬಾಯಲ್ಲಿ ಬ್ಯಾಕಪ್ ಡಿಸ್ಕಿನ ಮಾತು ತೆಗೆದರೆ, "ಅದೇನು ದಿನಾ ಬೇಕಾಗೋ ವಸ್ತುವಾ?" ಹೀಗೆ ಬಂದು ಸೇರುವುದು ಒಂದು ಟಿಬಿಯ ಒಂದು ಡಿಸ್ಕು. ಪೆಟ್ಟಿಗೆಯೊಳಗೆ ಇರುವುದೋ, ಟ್ಯಾಲಿಯ ವಿ.ಎಂ. 120 ಜಿಬಿ, ವೇಬ್ರಿಡ್ಜಿನದು 80, ಸಿಸಿಟಿವಿಯದು 600. ಕೂಡಿದರೆ 800. ಮೊದಲ ರಾತ್ರಿ ಬ್ಯಾಕಪ್ ಸಲೀಸಾಗಿ ಆಗುತ್ತದೆ, ಎಲ್ಲರಿಗೂ ಸಂತೋಷ. ಎರಡನೇ ರಾತ್ರಿ ಡಿಸ್ಕು ತುಂಬಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನಿಂತಿದ್ದನ್ನು ಸಾಫ್ಟ್‌ವೇರು ಪ್ರಾಮಾಣಿಕವಾಗಿ ಇಮೇಲಿನಲ್ಲಿ ತಿಳಿಸುತ್ತದೆ. ಆ ಇಮೇಲಿನ ಪಾಸ್‌ವರ್ಡು ಹಿಂದಿದ್ದ ಗುಮಾಸ್ತನಿಗೆ ಮಾತ್ರ ಗೊತ್ತು, ಅವನು ಈಗ ಬೆಂಗಳೂರಿನಲ್ಲಿದ್ದಾನೆ. ವರ್ಷಗಟ್ಟಲೆ ರಾತ್ರಿ ರಾತ್ರಿ ಒಂದು ಯಂತ್ರ "ಜಾಗ ಇಲ್ಲ, ಜಾಗ ಇಲ್ಲ" ಅಂತ ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಕಾಗದ ಹಾಕುತ್ತಲೇ ಇರುತ್ತದೆ.

ಜಾಗ ಇಲ್ಲ ಅನ್ನುವುದು ಎಷ್ಟರ ಮಟ್ಟಿಗೆ ನಿಜ ಅಂತ ಒಳಗೆ ಇಳಿದು ನೋಡಿದರೆ ತಮಾಷೆ ಶುರುವಾಗುತ್ತದೆ. ಟ್ಯಾಲಿಯ ವಿಂಡೋಸನ್ನು ಕೇಳಿದರೆ "ನಾನು ಬಳಸಿರೋದು 45 ಜಿಬಿ" ಅನ್ನುತ್ತದೆ. ಹೊರಗಿನಿಂದ ಅಳೆದರೆ ಅದು 110 ತಿಂದು ಕೂತಿದೆ. ಉಳಿದ 65 ಯಾರ ಹೊಟ್ಟೆಯಲ್ಲಿ? ಯಾರೂ ಕದ್ದಿಲ್ಲ. ವಿಂಡೋಸಿನಲ್ಲಿ ಫೈಲು ಅಳಿಸಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಅಷ್ಟೇ. ಅದು ಕೂತಿದ್ದ ಜಾಗದಲ್ಲಿ ಹಳೆಯ ಅಂಕಿ ಅಕ್ಷರ ಹಾಗೇ ಬಿದ್ದಿರುತ್ತವೆ. ಹೊರಗೆ ನಿಂತು ನಕಲು ಮಾಡುವ ಬ್ಯಾಕಪ್ ಸಾಫ್ಟ್‌ವೇರಿಗೆ ಯಾವುದು ಕಸ, ಯಾವುದು ಕಡತ ಅಂತ ಗೊತ್ತಾಗುವುದಿಲ್ಲ, ಅದು ಎಲ್ಲವನ್ನೂ ಭಕ್ತಿಯಿಂದ ಎತ್ತಿಡುತ್ತದೆ. ಗುಮಾಸ್ತ ಮಧ್ಯಾಹ್ನದ ಬಿಡುವಿನಲ್ಲಿ ಇಳಿಸಿಕೊಂಡು, ನೋಡಿ, ಯಜಮಾನರು ಬರುವ ಮೊದಲು ಅಳಿಸಿದ ಸಿನಿಮಾ ಇವತ್ತಿಗೂ ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿದೆ.

ಇದಕ್ಕೆ ಮದ್ದು ಇದೆ, ಕಾಸು ಖರ್ಚಿಲ್ಲದ್ದು. ಪ್ರಾಕ್ಸ್‌ಮಾಕ್ಸಿನಲ್ಲಿ ಆ ಡಿಸ್ಕಿನ ಸೆಟ್ಟಿಂಗಿಗೆ ಹೋಗಿ 'ಡಿಸ್ಕಾರ್ಡ್' ಅನ್ನುವ ಕಡೆ ಒಂದು ಟಿಕ್ ಹಾಕಬೇಕು. ಆಮೇಲೆ ವಿಂಡೋಸಿನೊಳಗೆ ಡ್ರೈವ್ ಆಪ್ಟಿಮೈಸ್ ಓಡಿಸಬೇಕು. ಲಿನಕ್ಸ್ ಆದರೆ 'ಎಫ್‌ಎಸ್‌ಟ್ರಿಮ್' ಅಂತ ಒಂದು ಆಜ್ಞೆ. ಆಗ ಒಳಗಿನವನು ಹೊರಗಿನವನಿಗೆ "ಈ ಜಾಗ ಖಾಲಿ ಕಣೋ" ಅಂತ ಬಾಯಿಬಿಟ್ಟು ಹೇಳಿದ ಹಾಗಾಗುತ್ತದೆ, ಬೇಕಾದಾಗ ಮಾತ್ರ ಜಾಗ ಕೊಡುವ ಸ್ಟೋರೇಜಾದರೆ ಅದು ವಾಪಸ್ಸೂ ಬರುತ್ತದೆ. ಖಾಲಿ ಜಾಗವೆಂದರೆ ಬರೀ ಸೊನ್ನೆ. ಸೊನ್ನೆಗಳನ್ನು ಎಷ್ಟು ಬೇಕಾದರೂ ಹಿಂಡಿ ಸಣ್ಣದು ಮಾಡಬಹುದು. ವಿಂಡೋಸ್ ಮಲಗುವಾಗ ಬರೆದುಕೊಳ್ಳುವ ಹೈಬರ್ನೇಷನ್ ಫೈಲು ಒಂದಿರುತ್ತದೆ. ಸರ್ವರು ಯಾವತ್ತೂ ಮಲಗುವುದಿಲ್ಲ, ಅದಕ್ಕೇಕೆ ಹಾಸಿಗೆ? ತೆಗೆಯಿರಿ. ಪೇಜ್ ಫೈಲನ್ನು ಬೇರೆಯದೇ ಪುಟ್ಟ ಡಿಸ್ಕಿಗೆ ಸಾಗಹಾಕಿ, ಆ ಡಿಸ್ಕಿನ ಎದುರಿಗಿರುವ 'ಬ್ಯಾಕಪ್' ಟಿಕ್ಕನ್ನು ತೆಗೆದುಬಿಡಿ. ಇಷ್ಟು ಮಾಡುವ ಹೊತ್ತಿಗೆ 110 ಜಿಬಿಯ ಭೂತ ಇಳಿದು, ಜೆಡ್‌ಸ್ಟ್ಯಾಂಡರ್ಡ್ ಹಾಕಿ ಹಿಂಡಿದ ಮೇಲೆ ಮೂವತ್ತರ ಆಚೆ ಈಚೆ ಬಂದು ನಿಲ್ಲುತ್ತದೆ.

ಆದರೆ ಸಿಸಿಟಿವಿ? ಅದಕ್ಕೆ ಟಿಕ್ಕು ಸಾಲದು, ಎದೆಗಾರಿಕೆ ಬೇಕು.

"ಯಜಮಾನ್ರೆ, ಈ ವಿಡಿಯೋನ ಬ್ಯಾಕಪ್‌ನಿಂದ ಬಿಟ್ಬಿಡಣ."

"ಏ, ಬ್ಯಾಡ ಬ್ಯಾಡ. ಕಳ್ಳ ಬಂದ್ರೆ?"

"ಕಳ್ಳ ಬಂದಿದ್ದು ಮಾರನೇ ದಿನವೇ ಗೊತ್ತಾಗತ್ತಲ್ಲ. ಆ ತುಣುಕು ಮಾತ್ರ ತೆಗೆದಿಟ್ಟುಕೊಂಡ್ರೆ ಆಯ್ತು. ಹೇಗೂ ತಿಂಗಳಾದ್ರೆ ಅದೇ ತನ್ನ ಮೇಲೆ ತಾನೇ ಬರ್ಕೊಂಡು ಹೋಗತ್ತೆ."

"ಅಳಸಿಹೋಗೋದಾ? ಹಂಗಾದ್ರೆ ಮೊದ್ಲು ಬ್ಯಾಕಪ್ ತಗೋ ಅದನ್ನ."

ತೆಗೆದು ನೋಡಿದರೆ 600 ಜಿಬಿಯ ತುಂಬ ರಾಶಿ ಇಡಿ ಅಡಿಕೆಯ ಮೂಟೆಗಳು, ಅವುಗಳ ಮೇಲೆ ಮಲಗಿದ ಒಂದು ಬೆಕ್ಕು. ಬೆಕ್ಕು ಎದ್ದು ಬೆಟ್ಟೆಯ ಮೂಟೆಗೆ ಹೋದದ್ದೇ ಆ ತಿಂಗಳ ದೊಡ್ಡ ಸಂಗತಿ.

ಇಲ್ಲಿಗೆ ನಾನು ಹೇಳಬೇಕಾದ್ದಕ್ಕೆ ಬಂದೆ. ಡಿಸ್ಕು ಸಾಲದು ಅಂತ ಬಾಯಿ ಬಡಿದುಕೊಳ್ಳುವವರನ್ನು ನಾನು ಕೇಳುವುದು ಇಷ್ಟೇ: ನಾಳೆ ಬೆಳಿಗ್ಗೆ ಈ ಪೆಟ್ಟಿಗೆ ಸುಟ್ಟುಹೋದರೆ, ಎಷ್ಟು ದುಡ್ಡು ಸುರಿದರೂ ಮತ್ತೆ ಸಿಗದೇ ಇರುವುದು ಇದರಲ್ಲಿ ಯಾವುದು? ವಿಂಡೋಸು ಸಿಗುತ್ತದೆ. ಟ್ಯಾಲಿಯೂ ಸಿಗುತ್ತದೆ, ಲೈಸೆನ್ಸಿನ ನಂಬರು ಇದ್ದರಾಯಿತು. ಬೆಕ್ಕು ಮಂಡಿಯಲ್ಲೇ ಇದೆ. ಸಿಗದಿರುವುದು ಟ್ಯಾಲಿಯೊಳಗೆ ಐದಾರು ಅಂಕಿಗಳ ಹೆಸರಿಟ್ಟುಕೊಂಡು ಒಂದು ಮೂಲೆಯಲ್ಲಿ ಕೂತಿರುವ ಫೋಲ್ಡರು. ಯಾವ ರೈತ ಎಷ್ಟು ಕ್ವಿಂಟಾಲು ತಂದ, ಎಷ್ಟು ಮುಂಗಡ ಒಯ್ದ, ಎಷ್ಟು ಬಾಕಿ ಎಂಬ ಇಡೀ ಸಂಸಾರ ಅಲ್ಲಿದೆ. ತೂಗಿದರೆ ಕೆಲವು ನೂರು ಎಂಬಿ. ಮಗನ ಫೋನಿನಲ್ಲಿರುವ ಒಂದು ಪ್ರವಾಸದ ವಿಡಿಯೋಗಿಂತ ಸಣ್ಣದು. ಅದರ ಒಂದು ವರ್ಷದ ದಿನದಿನದ ನಕಲೂ ಒಂದು ಟಿಬಿಯ ಮೂಲೆಯಲ್ಲಿ ಮುದುಡಿ ಕೂರುತ್ತದೆ.

ಇನ್ನು ವೇಬ್ರಿಡ್ಜಿನ ವಿ.ಎಂ. ಅದರ ಕಥೆ ತಿರುವುಮುರುವು. ಅಲ್ಲಿ ಮತ್ತೆ ಸಿಗದಿರುವುದು ಲೆಕ್ಕವಷ್ಟೇ ಅಲ್ಲ, ಆ ಹಳೇ ವಿಂಡೋಸ್ 7 ಮತ್ತು ಅದರೊಳಗಿನ ಸಾಫ್ಟ್‌ವೇರು ಎರಡೂ. ಅದನ್ನು ಇಡಿಯಾಗಿ ಎತ್ತಿಡಬೇಕು. ಆದರೆ ಅದು ಬದಲಾಗುವುದೇ ಇಲ್ಲ. ಇಡಿಯ ನಕಲು ಒಮ್ಮೆ ಸಾಕು, ಆಮೇಲೆ ತೂಕದ ಚೀಟಿಗಳ ಡೇಟಾಬೇಸು ಮಾತ್ರ ದಿನಾ. ಹೀಗೆ ಲೆಕ್ಕ ಹಾಕಿ ಜೋಡಿಸಿದರೆ ಒಂದು ಟಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಖುಷಿಯಿಂದ ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಅರ್ಧ ಖಾಲಿ ಐತೆ. ಹಂಗಾದ್ರೆ ಒಂದು ಟಿಬಿ ಯಾಕ್ ತರಿಸ್ದೆ? ಐನೂರು ಜಿಬಿದು ಸಾಕಿತ್ತಲ್ಲಪ್ಪ!"

ಇದೆಲ್ಲ ನಾನು ಕಂಡುಹಿಡಿದ ಜಾಣತನವಲ್ಲ. ಈ ಸೀಮೆಯಲ್ಲೇ ಇದನ್ನು ಮಾಡಿ ತೋರಿಸಿದವರೊಬ್ಬರಿದ್ದರು, ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್. ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಅಂತಲೇ ಹೆಸರು. ಈಗಿನ ಹೆಸರು ಬಂದದ್ದು 1947ರಲ್ಲಿ. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೇ ಸಂಪುಟ, 1901ರದ್ದು, ಪೂರ್ತಿ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ಜಿಲ್ಲೆಯ ಬಯಲಲ್ಲಿ, ಗುಡಿಯಲ್ಲಿ, ಕೆರೆಯ ಕೋಡಿಯಲ್ಲಿ ನಿಂತಿದ್ದ ಕಲ್ಲುಗಳನ್ನೆಲ್ಲ ಹೊತ್ತು ತಂದಿಡಲು ಯಾವ ಗೋದಾಮು ಸಾಲುತ್ತಿತ್ತು? ಅವರು ಕಲ್ಲು ತರಲಿಲ್ಲ, ಅಕ್ಷರ ತಂದರು. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆಯಲ್ಲ, ಅಲ್ಲಿನ ಶಾಸನ ಜನ್ನ ಕವಿಯದು. ಆ ಕಲ್ಲು ಅಲ್ಲೇ ನಿಂತಿದೆ, ಅಕ್ಷರ ಜಗತ್ತಿನ ಲೈಬ್ರರಿಗಳಲ್ಲೆಲ್ಲ ಇದೆ. ಅಷ್ಟೇ ಅಲ್ಲ, ಒಂದೊಂದು ಶಾಸನವನ್ನೂ ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದದಲ್ಲಿ ಒಮ್ಮೆ ಅಚ್ಚು ಹಾಕಿಸಿದರು. ಮೂರು ಪ್ರತಿ! ತಾಲ್ಲೂಕುವಾರು ನಂಬರು ಬೇರೆ. ಅಜ್ಜಂಪುರ ಆಗ ತರೀಕೆರೆಯೊಳಗೇ ಇತ್ತು, ಹಾಗಾಗಿ ಅದಕ್ಕೆ ಪ್ರತ್ಯೇಕ ನಂಬರಿಲ್ಲ. ಈಗ ಬೇರೆ ತಾಲ್ಲೂಕಾಗಿರುವ ಅಜ್ಜಂಪುರದವರು ಇದನ್ನು ಓದಿ ಮುನಿಸಿಕೊಂಡರೆ ಅದು ರೈಸ್ ಸಾಹೇಬರ ತಪ್ಪಲ್ಲ.

ಮೂರು ಪ್ರತಿಯ ಮಾತು ಬಂದರೆ ತರೀಕೆರೆ ಬಿಟ್ಟು ಮುಂದೆ ಹೋಗುವಂತಿಲ್ಲ. ತರೀಕೆರೆಯ ಕೆರೆ ಏರಿಯ ಮೇಲೆ ಮೇಯುವ ಮೂರು ಕರಿ ಕುರಿಮರಿಗಳನ್ನು ಬೇಗ ಬೇಗ ಹೇಳಲು ಹೋಗಿ ನಾಲಿಗೆ ಕಚ್ಚಿಕೊಳ್ಳದ ಕನ್ನಡದ ಮಗುವಿಲ್ಲ. ಅಲ್ಲಿನ ಒಂದು ಸೊಸೈಟಿಯ ಕಾರ್ಯದರ್ಶಿಗಳು ನನ್ನನ್ನು ಕಂಡಕೂಡಲೇ, "ನಮ್ಮಲ್ಲಿ ಬ್ಯಾಕಪ್ ಚಿಂತೆ ಇಲ್ಲ ಕಣ್ರೀ. ದಿನಾ ಸ್ನ್ಯಾಪ್‌ಶಾಟ್ ತಗೋತೀವಿ" ಅಂದರು. ವಿ.ಎಂ. ಆ ಗಳಿಗೆಯಲ್ಲಿ ಇದ್ದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಒಳ್ಳೆಯದೇ. ಸಾಫ್ಟ್‌ವೇರು ಅಪ್‌ಡೇಟ್ ಮಾಡುವ ಮೊದಲು ಒಂದು ತೆಗೆದು, ಕೆಟ್ಟರೆ ಹಿಂದಕ್ಕೆ ಹೋಗಿ, ಕೆಡದಿದ್ದರೆ ತೆಗೆದುಹಾಕಬೇಕು. ಆದರೆ ಅದು ಇರುವುದು ಅದೇ ಡಿಸ್ಕಿನಲ್ಲಿ, ಮೂಲದ ಮಗ್ಗುಲಲ್ಲೇ. ಡಿಸ್ಕು ಹೋದರೆ ಎರಡೂ ಹೋದವು. ಮೇಲಾಗಿ ತೆಗೆದದ್ದನ್ನು ಮರೆತರೆ ಅದು ದಿನದಿನಕ್ಕೂ ಉಬ್ಬುತ್ತದೆ. ಒಂದು ದಿನ ಸ್ಟೋರೇಜನ್ನೆಲ್ಲ ನುಂಗಿ, ಬ್ಯಾಕಪ್ ಇರಲಿ, ಸರ್ವರನ್ನೇ ನಿಲ್ಲಿಸುತ್ತದೆ. ಕಾರ್ಯದರ್ಶಿಗಳ ಪೆಟ್ಟಿಗೆಯಲ್ಲಿ ಅಂಥವು ಪಟ್ಟಿ ಉದ್ದಕ್ಕೂ ನಿಂತಿದ್ದವು, ಪ್ರತಿಯೊಂದಕ್ಕೂ ಅವರೇ ಇಟ್ಟ ಹೆಸರು: 'ಹೊಸದು', 'ಹೊಸದು ಎರಡು', 'ಇದೇ ಸರಿ', 'ಕೊನೇದು', 'ಕೊನೇದು ನಿಜ'.

"ಹಂಗಾದ್ರೆ ಏನು ಮಾಡೋದು?" ಅಂದರು. ಪ್ರಾಕ್ಸ್‌ಮಾಕ್ಸಿನವರದ್ದೇ ಬ್ಯಾಕಪ್ ಸರ್ವರ್ ಅಂತ ಇದೆ, ಅದೂ ಬಿಟ್ಟಿ ಅಂದೆ. ಬಿಟ್ಟಿ ಅಂದಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

ಅದು ಮಾಡುವುದು ಹೀಗೆ. ವಿ.ಎಂ.ನ ಡಿಸ್ಕನ್ನು 4 ಎಂಬಿಯ ತುಂಡುಗಳನ್ನಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಅದರೊಳಗಿನ ಅಂಕಿ ಅಕ್ಷರಗಳಿಂದಲೇ ಲೆಕ್ಕಹಾಕಿದ ಒಂದು ಗುರುತು ಕೊಡುತ್ತದೆ. ಅದೇ ಗುರುತಿನ ತುಂಡು ಆಗಲೇ ಇದ್ದರೆ ಮತ್ತೆ ಇಡುವುದಿಲ್ಲ, ಪಟ್ಟಿಯಲ್ಲಿ ಹೆಸರು ಮಾತ್ರ ಬರೆದುಕೊಳ್ಳುತ್ತದೆ. ನಿನ್ನೆಯ ವಿಂಡೋಸಿಗೂ ಇವತ್ತಿನ ವಿಂಡೋಸಿಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲವಾದ್ದರಿಂದ, ಮೊದಲ ದಿನ 40 ಜಿಬಿ ಹಿಡಿದದ್ದು ಮಾರನೇ ದಿನ ಒಂದೆರಡು ಜಿಬಿಯಲ್ಲಿ ಮುಗಿಯುತ್ತದೆ. ನೋಡಲು ಮಾತ್ರ ಎಲ್ಲವೂ ಪೂರ್ತಿ ಪ್ರತಿಗಳೇ. ಮೇಲಾಗಿ ಹಗಲೆಲ್ಲ ಯಾವ ಯಾವ ಭಾಗ ಬದಲಾಯಿತು ಅಂತ ಒಂದು ಟಿಪ್ಪಣಿ ಇಟ್ಟುಕೊಂಡಿರುವುದರಿಂದ ಇಡೀ ಡಿಸ್ಕು ಓದಬೇಕಾಗಿಲ್ಲ. ಆ ಟಿಪ್ಪಣಿ ವಿ.ಎಂ. ಓಡುತ್ತಿರುವವರೆಗೆ ಮಾತ್ರ ಬದುಕಿರುತ್ತದೆ. ಕರೆಂಟು ಹೋಗಿ, ಯುಪಿಎಸ್ಸು ಕುಂಯ್‌ಗುಟ್ಟಿ ಸತ್ತು, ಸರ್ವರು ಆಫ್ ಆದರೆ ಟಿಪ್ಪಣಿಯೂ ಮಾಯ. ಆವತ್ತು ರಾತ್ರಿ ಮೊದಲಿನಿಂದ ಕೊನೆಯವರೆಗೆ ಓದಬೇಕು. ಬ್ಯಾಕಪ್ ಯಾಕೆ ಒಂದೊಂದು ದಿನ ಹತ್ತು ನಿಮಿಷ, ಒಂದೊಂದು ದಿನ ಬೆಳಗಿನವರೆಗೆ ಅಂತ ಕೇಳುವವರಿಗೆ ನಾನು ಲೈನ್‌ಮನ್ ಕಡೆ ಕೈ ತೋರಿಸುತ್ತೇನೆ.

"ಅಂದ್ರೆ ಒಂದು ತಿಂಗಳ ಮೂವತ್ತು ಪ್ರತಿ ಇಟ್ಕೋಬಹುದು!" ಅಂದರು ಕಾರ್ಯದರ್ಶಿಗಳು, ಹಿಗ್ಗಿ.

"ಇಟ್ಕೋಬಹುದು ಸಾರ್. ಆದ್ರೆ ಏರಿ ಮೇಲೆ ಮೂರು ಕುರಿಮರಿ ಕಾಣ್ತಾ ಇದ್ರೂ ಅಲ್ಲಿರೋದು ಒಂದೇ ಕುರಿಮರಿ. ಮೂರು ಸಲ ಎಣಿಸಿದೀರಿ ಅಷ್ಟೇ."

ಅವರು ನನ್ನ ಮುಖವನ್ನೇ ನೋಡಿದರು. ತರೀಕೆರೆಯವರಿಗೆ ಅವರ ಕುರಿಮರಿಯನ್ನೇ ಕಡಿಮೆ ಮಾಡಿ ಹೇಳುವುದು ಧೈರ್ಯದ ಕೆಲಸ. ಆದರೆ ಸಂಗತಿ ಅದೇ. ಒಂದೇ ತುಂಡನ್ನು ಮೂವತ್ತು ಪಟ್ಟಿಗಳೂ ನಂಬಿಕೊಂಡಿವೆ. ಡಿಸ್ಕಿನಲ್ಲಿ ಆ ಒಂದು ತುಂಡು ಕೆಟ್ಟರೆ ಮೂವತ್ತೂ ಪ್ರತಿ ಕುಂಟು. ಗುಡ್ಡದಿಂದ ಚಿರತೆ ಇಳಿದು ಒಂದನ್ನು ಎತ್ತಿಕೊಂಡು ಹೋದರೆ ಏರಿ ಮೇಲೆ ಇನ್ನೆರಡು ಉಳಿದಿರುತ್ತವೆ ಅಂತ ತಿಳಿದಿದ್ದವರಿಗೆ, ಏರಿಯೇ ಖಾಲಿ. ಅದಕ್ಕೇ ವಾರಕ್ಕೊಮ್ಮೆ 'ವೆರಿಫೈ' ಓಡಿಸಿ ತುಂಡುಗಳ ಗುರುತು ತಾಳೆ ನೋಡಬೇಕು, ಅದಕ್ಕೇ ಎರಡನೇ ಡಿಸ್ಕು ಬೇಕು. ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಪ್ರಚಾರಕ್ಕೆ ತಂದ 3-2-1 ಅನ್ನುವ ಲೆಕ್ಕ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಊರಾಚೆ.

ಇನ್ನೊಂದು ಫಜೀತಿ. ಕಾರ್ಯದರ್ಶಿಗಳು ಉತ್ಸಾಹದಿಂದ ಹಳೆಯ ಪ್ರತಿಗಳನ್ನು ತಾವೇ ಅಳಿಸಿ, "ಅಳಿಸಿದೆ, ಒಂದು ಜಿಬಿಯೂ ಬಿಡುವಾಗಲಿಲ್ಲ, ನಿಮ್ಮ ಸಾಫ್ಟ್‌ವೇರು ಮೋಸ" ಅಂತ ಫೋನು ಮಾಡಿದರು. ಅಳಿಸಿದ್ದು ಪಟ್ಟಿಯನ್ನು. ತುಂಡುಗಳನ್ನು ಗುಡಿಸಲು 'ಗಾರ್ಬೇಜ್ ಕಲೆಕ್ಷನ್' ಅಂತ ಬೇರೆ ಆಳು ಬರಬೇಕು. ಅವನೂ ಹಿಂದಿನ 24 ಗಂಟೆ 5 ನಿಮಿಷದೊಳಗೆ ಯಾರಾದರೂ ಮುಟ್ಟಿದ ತುಂಡನ್ನು ಮುಟ್ಟುವುದಿಲ್ಲ. ಡಿಸ್ಕು ನೂರಕ್ಕೆ ನೂರು ತುಂಬಿದ ಮೇಲಂತೂ ಗುಡಿಸುವವನಿಗೆ ಕೈಯಾಡಿಸಲೂ ಜಾಗವಿರುವುದಿಲ್ಲ. ನೂರಕ್ಕೆ ಎಂಬತ್ತು ಆದಾಗಲೇ ಕೂಗಿ ಅಂತ ಗೋಡೆಗೆ ಚೀಟಿ ಅಂಟಿಸಿ ಬಂದಿದ್ದೇನೆ. ಚೀಟಿಯ ಮೇಲೆ ಈಗ ಕ್ಯಾಲೆಂಡರ್ ನೇತಾಡುತ್ತಿದೆ.

ಜಾಗದ ನೆಪ ನಮ್ಮವರಿಗೆ ಮಾತ್ರ ಅಂಟಿದ ಜಾಡ್ಯ ಅಂದುಕೊಳ್ಳಬೇಡಿ. ದಕ್ಷಿಣ ಕೊರಿಯಾ ಅಂದರೆ ಮೆಮೊರಿ ಚಿಪ್ಪುಗಳನ್ನು ಲೋಕಕ್ಕೆಲ್ಲ ಮಾಡಿಕೊಡುವ ದೇಶ. ಅಲ್ಲಿ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ 2025ರ ಸೆಪ್ಟೆಂಬರ್ 26ರಂದು ಲಿಥಿಯಂ ಬ್ಯಾಟರಿಯಿಂದ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಲಾ 30 ಜಿಬಿಯಂತೆ ಕಡತ ಇಟ್ಟುಕೊಂಡಿದ್ದ ಜಿ-ಡ್ರೈವ್ ಪೂರ್ತಿ ಬೂದಿ. 858 ಟಿಬಿ. ಬೇರೆ ಕಡೆ ಪ್ರತಿ ಯಾಕಿರಲಿಲ್ಲ ಅಂದರೆ, ಗಾತ್ರ ಬಹಳ ದೊಡ್ಡದು, ಹೊರಗೆ ಬ್ಯಾಕಪ್ ಇಡಲು ಆಗಲಿಲ್ಲ ಅಂದರು. ಇದನ್ನು ಓದಿದ ಕಡೂರಿನ ಯಜಮಾನರ ಮುಖದಲ್ಲಿ ಬಂದ ಕಳೆ ನೋಡಬೇಕಿತ್ತು: "ನೋಡ್ದೆಯಾ? ಅಂಥ ಗೌರ್ಮೆಂಟೇ ನನ್ನಂಗೆ!" ಹೆದರಿಸಲು ಹೋದ ಕಥೆ ಅವರಿಗೆ ಪ್ರಶಸ್ತಿಪತ್ರವಾಯಿತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬರು ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿ, ಆಮೇಲೆ ನೋಡಿದರೆ ಐದು ಬಗೆಯ ಬ್ಯಾಕಪ್‌ಗಳಲ್ಲಿ ಒಂದೂ ನೆಟ್ಟಗಿರಲಿಲ್ಲವಂತೆ. ಯಾವುದೋ ಕೆಲಸಕ್ಕೆ ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಮಾನ ಉಳಿಸಿತು. ಅದನ್ನು ಯಜಮಾನರಿಗೆ ಹೇಳಲು ಹೋಗಲಿಲ್ಲ. "ನಮ್ಮದೂ ಒಂದಿಲ್ಲ ಅಂದ್ರೆ ಇನ್ನೊಂದು ಆಗುತ್ತೆ ಬಿಡು" ಅನ್ನುತ್ತಿದ್ದರು.

ಇನ್ನು ಆ 'ಒಂದು ಊರಾಚೆ'ಯ ವಿಷಯ. ಎಲ್ಲರ ಬಾಯಲ್ಲೂ ಈಗ ಕ್ಲೌಡು. ಅಜ್ಜಂಪುರದ ಈರುಳ್ಳಿ ವ್ಯಾಪಾರಿಯೊಬ್ಬರು, ನನಗೆ ಅಣ್ಣನ ಹಾಗೆ, "ಎಲ್ಲಾನೂ ಮೇಲಕ್ಕೆ ಕಳಿಸ್ಬಿಡು ತಮ್ಮಾ" ಅಂದರು. ಮೇಲಕ್ಕೆ ಕಳಿಸುವ ವೇಗ ಸೆಕೆಂಡಿಗೆ 10 ಮೆಗಾಬಿಟ್ ಸಿಕ್ಕರೆ, ಅದೂ ಹಗಲು ರಾತ್ರಿ ಬಿಡದೆ ಸಿಕ್ಕರೆ, ಒಂದು ಟಿಬಿ ಹೋಗಲು 9 ದಿನ ಮಿಕ್ಕಿ ಬೇಕು. ಅಷ್ಟರಲ್ಲಿ ಅವರ ಶೆಡ್ಡಿನ ಈರುಳ್ಳಿ ಎಷ್ಟು ಸಲ ರೇಟು ಬದಲಿಸಿರುತ್ತದೋ. ಅದೇ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರೆ ಬೀರೂರು ದಾಟಿ ಕಡೂರಿಗೆ ಒಂದು ಗಂಟೆಯ ಆಸುಪಾಸು. ಇಡೀ ಪ್ರತಿ ಬಸ್ಸಿನಲ್ಲಿ, ಆಮೇಲೆ ದಿನದ ವ್ಯತ್ಯಾಸ ಮಾತ್ರ ಇಂಟರ್‌ನೆಟ್ಟಿನಲ್ಲಿ. ನನ್ನ ಏರ್ಪಾಡು ಇದೇ: ಕಡೂರಿನವರ ಡಿಸ್ಕು ತರೀಕೆರೆಗೆ, ತರೀಕೆರೆಯವರದು ಅಜ್ಜಂಪುರಕ್ಕೆ, ಅಜ್ಜಂಪುರದ್ದು ಕಡೂರಿಗೆ. ಎಲ್ಲದಕ್ಕೂ ಪಾಸ್‌ವರ್ಡಿನ ಬೀಗ, ಏಕೆಂದರೆ ಒಬ್ಬ ವ್ಯಾಪಾರಿಯ ಲೆಕ್ಕ ಇನ್ನೊಬ್ಬ ವ್ಯಾಪಾರಿಯ ಬೀರುವಿನಲ್ಲಿ ಇರುತ್ತದೆ. ನಂಬಿಕೆ ಬೇರೆ, ರೇಟು ಬೇರೆ.

ಅಜ್ಜಂಪುರದ ಅಣ್ಣನವರ ಡಿಸ್ಕು ಮಾತ್ರ ಪೆಟ್ಟಿಗೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಬ್ಯಾಕಪ್ ಡಿಸ್ಕನ್ನು ಹಗಲು ರಾತ್ರಿ ಸಿಕ್ಕಿಸಿಯೇ ಇಟ್ಟರೆ ಎರಡು ಅಪಾಯ. ಲೆಕ್ಕಕ್ಕೆಲ್ಲ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸು ಬಂದರೆ ಸಿಕ್ಕಿಸಿದ ಡಿಸ್ಕಿಗೂ ಬೀಗ ಬೀಳುತ್ತದೆ. ಎರಡನೆಯದು ನಮ್ಮೂರಿನದೇ: ಏಪ್ರಿಲ್, ಮೇ ತಿಂಗಳ ಮಳೆಗೆ ಮುಂಚಿನ ಸಿಡಿಲು. ಒಂದೇ ಪ್ಲಗ್ಗಿನ ಸಾಲಿನಲ್ಲಿರುವ ಪೆಟ್ಟಿಗೆ, ಡಿಸ್ಕು, ಮೋಡೆಮ್ಮು ಒಂದೇ ಹೊಡೆತಕ್ಕೆ ಹೋಗುತ್ತವೆ. "ಅಣ್ಣಾ, ಅಮೃತ ಮಹಲ್ ತಳಿ ಉಳಿಸೋ ಕೇಂದ್ರ ನಿಮ್ಮೂರಲ್ಲೇ ಇದೆ. ಮಹಾರಾಜರ ಕಾಲದ ದನದ ತಳಿ ಉಳಿಸಿಕೊಂಡೋರು, ಹೋದ ವರ್ಷದ ಲೆಕ್ಕ ಉಳಿಸ್ಕೊಳೋಕೆ ಆಗಲ್ವಾ?" ಅಂತ ರೇಗಿಸಿದೆ. "ದನ ಹಾಲು ಕೊಡ್ತದೆ, ಲೆಕ್ಕ ನೋಟೀಸು ಕೊಡ್ತದೆ" ಅಂದರು. ಅಮೃತ ಮಹಲ್ ಹಾಲಿಗಿಂತ ದುಡಿಮೆಗೆ ಹೆಸರಾದ ತಳಿ ಅನ್ನುವುದನ್ನು ನಾನು ಹೇಳಲಿಲ್ಲ. ನೋಟೀಸಿನ ಮಾತು ಮಾತ್ರ ನಿಜ. ಜಿಎಸ್‌ಟಿ ಕಾನೂನಿನಲ್ಲಿ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕ ಇಟ್ಟಿರಬೇಕು. 2024-25ರ ಲೆಕ್ಕದ ಗಡುವು 2025ರ ಡಿಸೆಂಬರ್ 31, ಅಲ್ಲಿಂದ ಎಣಿಸಿದರೆ 2031ರ ಕೊನೆಯವರೆಗೆ.

"ಆರು ವರ್ಷ ದಿನಾ ದಿನದ್ದೂ ಇಟ್ಕೋಬೇಕಾ? ಈ ಡಿಸ್ಕು ಎಲ್ಲಿ ಸಾಲ್ತದೆ?"

ಬೇಡ. ಕೊನೆಯ 7 ದಿನದ್ದು ದಿನಕ್ಕೊಂದು, 4 ವಾರದ್ದು ವಾರಕ್ಕೊಂದು, 12 ತಿಂಗಳದ್ದು ತಿಂಗಳಿಗೊಂದು. 23 ಪ್ರತಿಗಳಲ್ಲಿ ಒಂದು ವರ್ಷ ಅಡಗುತ್ತದೆ. ಮಾರ್ಚ್ 31ರ ಪ್ರತಿಯೊಂದನ್ನು ಮಾತ್ರ ಎಂದೂ ಅಳಿಸದ ಹಾಗೆ ಬೇರೆ ಇಟ್ಟರೆ ಆಡಿಟರೂ ಸುಮ್ಮನಾಗುತ್ತಾರೆ. ಇನ್ನು ಅದು ವಾಪಸ್ಸು ಬರುತ್ತದೋ ಇಲ್ಲವೋ ಅಂತ ಆಗಾಗ ನೋಡಬೇಕಲ್ಲ, ಅಲ್ಲೂ ಜಾಗದ ತಕರಾರು: 120 ಜಿಬಿಯ ವಿ.ಎಂ. ಎಬ್ಬಿಸಿ ನೋಡಲು 120 ಜಿಬಿ ಖಾಲಿ ಬೇಕು, ತುಂಬಿದ ಪೆಟ್ಟಿಗೆಯಲ್ಲಿ ಎಲ್ಲಿಂದ ತರುವುದು? ಬ್ಯಾಕಪ್ಪಿನೊಳಗಿಂದ ಒಂದು ಫೋಲ್ಡರನ್ನು ಮಾತ್ರ ಹೊರತೆಗೆಯುವ ಸೌಲಭ್ಯವಿದೆ. ಟ್ಯಾಲಿಯ ಫೋಲ್ಡರು ತೆಗೆದು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು, ನಿನ್ನೆಯ ಕೊನೆಯ ಬಿಲ್ಲು ಕಾಣುತ್ತದಾ ಅಂತ ಅಣ್ಣನವರಿಗೆ ತೋರಿಸುತ್ತಿದ್ದೆ. ಮತ್ತೆ ಸಿಗುವುದನ್ನು ಬಿಡಬೇಕು, ಸಿಗದೇ ಇರುವುದನ್ನು ಇಡಬೇಕು ಅಂತ ನನ್ನ ಮಾಮೂಲಿ ಪುರಾಣವೂ ಜೊತೆಗೆ ನಡೆದಿತ್ತು. ಕಾಫಿ ತಂದ ಅಕ್ಕ ಅಲ್ಲೇ ಬಾಗಿಲಿಗೆ ಒರಗಿ ಕೇಳುತ್ತ ನಿಂತಿದ್ದರು.

"ಏನಪ್ಪ, ಮತ್ತೆ ಸಿಗದೇ ಇರೋದು ಅಂದ್ಯಲ್ಲ, ನಮ್ ಹುಡುಗಿ ಮದ್ವೆ ವಿಡಿಯೋ ಇದ್ರಲ್ಲೇ ಹಾಕ್ಸಿದ್ರು. ಐತಾ?"

ನೋಡಿದೆ. ಇತ್ತು. ಚಪ್ಪರ, ಆರತಕ್ಷತೆ, ಧಾರೆ, ಡ್ರೋನು ಹಾರಿಸಿ ತೆಗೆದ ಛತ್ರದ ತಾರಸಿ, ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರ ಬಾಯಿ, ಎಲ್ಲ ಸೇರಿ 380 ಜಿಬಿ. ಒಂದೇ ಪ್ರತಿ.

"ಅದನ್ನ ಬಿಡೇ ಮಾರಾಯ್ತಿ, ಆಲ್ಬಮ್ ಐತಲ್ಲ. ಈಗ್ಲೇ ಡಿಸ್ಕು ಸಾಲಲ್ಲ ಅಂತ ಒದ್ದಾಡ್ತಾ ಇದೀವಿ" ಅಂದರು ಅಣ್ಣ.

"ಈರುಳ್ಳಿ ಬಿಲ್ಲು ಬೇಕಾದ್ರೆ ಕೂತ್ಕೊಂಡು ಮತ್ತೆ ಬರ್ಕೋಬಹುದು. ಮದ್ವೆ ಮತ್ತೆ ಮಾಡ್ತೀರಾ?"

ಅಣ್ಣನವರು ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಇನ್ನೊಂದು ಡಿಸ್ಕು ಎಷ್ಟಾಯ್ತದೆ ನೋಡು ತಮ್ಮಾ."

"ಒಂದಲ್ಲ, ಎರಡು ತರ್ಸು" ಅಂದರು ಅಕ್ಕ. "ಒಂದು ತರೀಕೆರೇಲಿ ಬೀಗರ ಮನೇಲಿರ್ಲಿ. ಅರ್ಧ ದುಡ್ಡು ಅವ್ರೇ ಕೊಡ್ಲಿ, ಅರ್ಧ ವಿಡಿಯೋ ತುಂಬ ಅವ್ರ ಕಡೆಯೋರೇ ಊಟ ಮಾಡ್ತಾ ಕೂತವ್ರೆ."